ಕಣ್ಣು ಮುಚ್ಚಿ ನೋಡತಕ್ಕದ್ದು

ಸೆವೆರಿನಾ ಗಿಸ್ಲರ್ ಬೂಟಿಗೆ ಕಾಲು ಹಾಕುವ ಮೊದಲು ಅದರೊಳಗೆ ಇಣುಕಿ ನೋಡುತ್ತಾಳೆ. ಎಡಗಾಲಿನದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾಳೆ. ಬಲಗಾಲಿನದನ್ನು ಮಗುಚಿ, ಹಿಮ್ಮಡಿಗೆ ಎರಡೇಟು ಹಾಕಿ, ಆಮೇಲೆ ನೋಡುತ್ತಾಳೆ. ಈ ಅಭ್ಯಾಸ ಅವಳನ್ನು ಸಾಕಿ ಬೆಳೆಸಿದ ಸೋದರತ್ತೆ ಆಗಾಥೆಯವರಿಂದ ಬಂದದ್ದು. ಒಂದು ಚಳಿಗಾಲ ಅತ್ತೆಯ ಬೂಟಿನಲ್ಲಿ ಇಲಿಯೊಂದು ಸಂಸಾರ ಹೂಡಿತ್ತು. ಅದು ಅವರಿಗೆ ಗೊತ್ತಾದದ್ದು ಚರ್ಚಿಗೆ ಹೋಗಿ ಮೊಣಕಾಲೂರಿದ ಮೇಲೆ. ಅಂದಿನಿಂದ ಆ ಮನೆಯಲ್ಲಿ ಬೂಟಿರಲಿ, ಕೆಟಲಿರಲಿ, ಅಂಚೆಪೆಟ್ಟಿಗೆಯೇ ಇರಲಿ, ಒಳಗೆ ನೋಡದೆ ಯಾರೂ ಕೈ ಹಾಕುವುದಿಲ್ಲ.

ಇಂಥ ಹುಡುಗಿಯನ್ನು ಟ್ರೂಬೆಗ್ ಗ್ರಾಮದ ಗುರಿಗಾರರ ಸಂಘ ಬಂದೂಕು ತಪಾಸಣೆಗೆ ನೇಮಿಸಿಕೊಂಡಿತು. ಮುಂದೆ ನಡೆದದ್ದಕ್ಕೆಲ್ಲ ಈ ನೇಮಕವೇ ಕಾರಣವೆಂದು ಸಂಘ ಸರ್ವಾನುಮತದಿಂದ ತೀರ್ಮಾನಿಸಿದೆ.

ಕೆಲಸ ಸಣ್ಣದು. ಶನಿವಾರದ ಅಭ್ಯಾಸ ಮುಗಿದ ಮೇಲೆ ಪ್ರತಿಯೊಬ್ಬ ಸದಸ್ಯನೂ ಬಂದೂಕಿನ ಹಿಂಬಾಗಿಲಿನಂಥ ಬೋಲ್ಟನ್ನು ಹಿಂದಕ್ಕೆಳೆದು ಬಂದೂಕನ್ನು ಅವಳ ಮುಂದೆ ಹಿಡಿಯಬೇಕು. ಅವಳು ಬಗ್ಗಿ, ಗುಂಡು ಕೂರುವ ಗೂಡಿನೊಳಗೆ ನೋಡಿ, ಖಾಲಿಯಿದ್ದರೆ ತಲೆಯಾಡಿಸಬೇಕು. ಆಮೇಲೆ ಸದಸ್ಯ ಬಂದೂಕನ್ನು ಸಂಘದ ಸಭಾಂಗಣದ ಗೋಡೆಬದಿಯ ಚೌಕಟ್ಟಿನಲ್ಲಿ ನಳಿಗೆ ಮೇಲೆ ಮಾಡಿ ನಿಲ್ಲಿಸುತ್ತಾನೆ. ಬೋಲ್ಟು ಮುಚ್ಚಿ, ಒಳಗಿನ ಸ್ಪ್ರಿಂಗಿಗೆ ವಿಶ್ರಾಂತಿ ಸಿಗಲೆಂದು ಟ್ರಿಗರನ್ನು ಒಮ್ಮೆ ಎಳೆಯುತ್ತಾನೆ. ಖಟ್ ಎನ್ನುತ್ತದೆ. ನಂತರ ಒಲೆಯ ಮೇಲೆ ಸುಡುತ್ತಿರುವ ಸಾಸೇಜು, ಸಾಸಿವೆ, ಬಿಳಿ ವೈನು.

ಚೌಕಟ್ಟಿನ ನೇರ ಮೇಲಕ್ಕೆ ಮರದ ಮಾಳಿಗೆಯಿದೆ. ಅಲ್ಲಿ ಅದೇ ಶನಿವಾರ, ಅದೇ ಹೊತ್ತಿಗೆ ಚರ್ಚಿನ ಗಾಯನವೃಂದ ತಾಲೀಮು ಮಾಡುತ್ತದೆ. ಕೆಳದನಿಯವರ ಸಾಲಿನ ಕೊನೆಯಲ್ಲಿ ಆಗಾಥೆ ಅತ್ತೆ ನಿಲ್ಲುತ್ತಾರೆ. ಆ ಜಾಗ ಅವರಿಗೆ ಅವರ ತಾಯಿಯಿಂದ ಬಂದದ್ದು. ಅಲ್ಲಿಂದ ಅವರನ್ನು ಸರಿಸುವುದಕ್ಕಿಂತ ಚರ್ಚಿನ ಗೋಪುರ ಸರಿಸುವುದು ಸಲೀಸು.

ಆ ವರ್ಷ ಹಿಮ ಕರಗುವ ಹೊತ್ತಿಗೆ, ಸಂಘದ ಗೌರವ ಸದಸ್ಯರಾದ ನಿವೃತ್ತ ಕರ್ನಲ್ ಮೈನ್‌ರಾಡ್ ಇಂಡರ್‌ಬಿಟ್ಸಿನ್ ತಮ್ಮ ಹಳೆಯ ಬಂದೂಕನ್ನು ಅವಳ ಮುಂದೆ ಹಿಡಿದು, "ಖಾಲಿ" ಎಂದರು. ಸೆವೆರಿನಾ ಬಗ್ಗಿದಳು.

"ಏನಮ್ಮಾ ಹುಡುಕ್ತಿದೀಯ?"

"ಒಳಗೆ ನೋಡ್ತಿದೀನಿ, ಕರ್ನಲ್ ಸಾಹೇಬ್ರೇ."

"ಖಾಲಿ ಅಂದೆ. ಕೇಳಿಸ್ಲಿಲ್ವಾ?"

"ಕೇಳಿಸ್ತು."

"ಕೇಳಿಸಿದ್ಮೇಲೂ ನೋಡ್ತೀಯಾ ಅಂದ್ರೆ ನಾನು ಸುಳ್ಳುಗಾರ ಅಂತಾಯ್ತು."

ಸೆವೆರಿನಾಗೆ ನಾಲ್ಕು ಜನರ ಮುಂದೆ ಮಾತು ಹೊರಡುವುದಿಲ್ಲ. ಹೊರಟರೆ ಬೇಡದ್ದೇ ಹೊರಡುತ್ತದೆ. "ಇಲ್ಲ ಸಾಹೇಬ್ರೇ, ನಾನು ಬೂಟನ್ನೂ ಹೀಗೇ ನೋಡೋದು," ಎಂದಳು.

ಕರ್ನಲ್ ಇಡೀ ಸಭಾಂಗಣದತ್ತ ತಿರುಗಿದರು. "ಕೇಳಿದ್ರಾ? ನನ್ನನ್ನ ಬೂಟು ಅಂದ್ಲು!"

ವಿಷಯ ಸರ್ವಸದಸ್ಯರ ಸಭೆಗೆ ಹೋಯಿತು. ಟ್ರೂಬೆಗ್‌ನಲ್ಲಿ ಎಲ್ಲವೂ ಸಭೆಗೇ ಹೋಗುತ್ತದೆ. ಹಸುಗಳು ಬೆಟ್ಟ ಹತ್ತುವ ದಿನದಿಂದ ಹಿಡಿದು ಪಾದ್ರಿಗಳ ಮನೆಯ ಬೇಲಿಯ ಬಣ್ಣದವರೆಗೆ ಕೈ ಎತ್ತಿಯೇ ತೀರ್ಮಾನವಾಗುವುದು. ಗೂಡನ್ನು ನೋಡಲೇಬೇಕು ಎಂದು ಅರ್ಧ ಜನ. ನೋಡುವುದು ಮನುಷ್ಯರ ಮಾತಿಗೆ ಮಾಡುವ ಅವಮಾನ ಎಂದು ಇನ್ನರ್ಧ ಜನ. ಸಂಘದ ಅಧ್ಯಕ್ಷರೂ ಊರಿನ ಮರದ ಮಿಲ್ಲಿನ ಮಾಲೀಕರೂ ಆದ ಕಾಸ್ಪರ್ ಟ್ರುಟ್‌ಮನ್ ಎರಡೂ ಕಡೆಯ ಜನರಿಗೆ ಹಲಗೆ ಮಾರುವವರು. ಅವರು ಇಬ್ಬರಿಗೂ ನೋವಾಗದ ಮಧ್ಯದ ದಾರಿಯೊಂದನ್ನು ಕಂಡುಹಿಡಿದರು. ಮರುದಿನ ಬಾಗಿಲಿನ ಮೇಲೆ ಪ್ರಕಟಣೆ ಬಂತು:

"ಬಂದೂಕಿನ ಗೂಡನ್ನು ತಪಾಸಕರು ಕಡ್ಡಾಯವಾಗಿ ನೋಡತಕ್ಕದ್ದು. ಆದರೆ ಸದಸ್ಯರ ಮಾತಿನ ಘನತೆಗೆ ಧಕ್ಕೆ ಬಾರದಂತೆ, ನೋಡುವ ವೇಳೆ ತಪಾಸಕರು ಎರಡೂ ಕಣ್ಣುಗಳನ್ನು ಮುಚ್ಚಿರತಕ್ಕದ್ದು. ಒಂದೇ ಕಣ್ಣು ಮುಚ್ಚಿದಲ್ಲಿ ಅದನ್ನು ಸದಸ್ಯರತ್ತ ಗುರಿ ಹಿಡಿದಂತೆ ಪರಿಗಣಿಸಲಾಗುವುದು."

ಎರಡೂ ಬಣದವರು ತಾವೇ ಗೆದ್ದೆವೆಂದು ಒಬ್ಬರಿಗೊಬ್ಬರು ವೈನು ಕುಡಿಸಿದರು.

ಬೇಸಿಗೆಯಿಡೀ ಸೆವೆರಿನಾ ನಿಯಮದಂತೆ ಕಣ್ಣು ಮುಚ್ಚಿ ನೋಡಿದಳು. ಈ ಬಗೆಯ ನೋಟದಿಂದ ಯಾರು ಮಧ್ಯಾಹ್ನ ಈರುಳ್ಳಿ ತಿಂದಿದ್ದಾರೆ, ಯಾರು ಕಾಫಿಗೆ ಬೆರೆಸಬಾರದ್ದನ್ನು ಬೆರೆಸಿದ್ದಾರೆ ಎಂಬುದೆಲ್ಲ ಅವಳಿಗೆ ಸ್ಪಷ್ಟವಾಗಿ ಕಾಣತೊಡಗಿತು. ಗುಂಡೊಂದು ಮಾತ್ರ ಕಾಣಲಿಲ್ಲ. ಆದರೆ ಕಣ್ಣು ಮುಚ್ಚಿದಷ್ಟೂ ಕಿವಿ ತೆರೆಯುತ್ತದಲ್ಲ. ಯಾರು ಎಷ್ಟು ಗುಂಡು ತುಂಬಿಕೊಂಡರು, ಎಷ್ಟು ಸಲ ಢಂ ಎಂದಿತು ಎಂದು ಕಿವಿಯೇ ತಾನಾಗಿ ಲೆಕ್ಕವಿಡಲು ಶುರುಮಾಡಿತು.

ಬೇಸಿಗೆ ಮುಗಿದು ಹಸುಗಳು ಬೆಟ್ಟ ಇಳಿದ ವಾರ, ಕರ್ನಲರ ಸರದಿಯಲ್ಲಿ ಒಂದು ಢಂ ಕಡಿಮೆಯಾಯಿತು.

ಸಿಡಿಯದ ಗುಂಡು ಒಳಗೇ ಉಳಿದರೆ ಎರಡನೇ ಏಟಿಗೆ ಸಿಡಿದೀತು; ಅದನ್ನು ಬೋಲ್ಟಿನ ತುದಿಯ ಪುಟ್ಟ ಕೊಕ್ಕೆ ಹೊರಗೆಳೆದು ಬಿಸಾಡಬೇಕು. ಕರ್ನಲರ ಬಂದೂಕಿನ ಕೊಕ್ಕೆ ಕರ್ನಲರಷ್ಟೇ ಹಳೆಯದು, ಅವರಂತೆಯೇ ನಿವೃತ್ತ. ಬೋಲ್ಟು ಹಿಂದಕ್ಕೆ ಬಂತು. ಏನೂ ನೆಲಕ್ಕೆ ಬಿದ್ದ ಸದ್ದಾಗಲಿಲ್ಲ.

"ಖಾಲಿ," ಎಂದರು ಕರ್ನಲ್.

ಸೆವೆರಿನಾ ಕಣ್ಣು ಮುಚ್ಚಿ ಬಗ್ಗಿದಳು. ಮೇಲೆ ಮಾಳಿಗೆಯಲ್ಲಿ ಗಾಯನವೃಂದದವರು ಒಬ್ಬೊಬ್ಬರಾಗಿ ಬಂದು ನಿಲ್ಲುವ ಬೂಟಿನ ಸದ್ದು. ಕೊನೆಗೆ ಚೌಕಟ್ಟಿನ ನೇರ ಮೇಲಿನ ಹಲಗೆ ಕಿರ್ ಎಂದಿತು. ಅತ್ತೆ ಬಂದರು. ಅವಳು ಬಲಗಣ್ಣು ಬಿಟ್ಟಳು. ಗೂಡಿನೊಳಗೆ ಹಿತ್ತಾಳೆ ಮಿನುಗುತ್ತಿತ್ತು.

"ಕರ್ನಲ್ ಸಾಹೇಬ್ರೇ, ಒಳಗೆ ಗುಂಡಿದೆ."

"ನಿಂಗೆ ಹೇಗೆ ಗೊತ್ತು?"

"ನೋಡ್ದೆ."

ಒಲೆಯ ಮುಂದಿದ್ದ ಅಧ್ಯಕ್ಷ ಟ್ರುಟ್‌ಮನ್ ಸಾಸೇಜಿನ ಮುಳ್ಳುಚಮಚ ಹಿಡಿದುಕೊಂಡೇ ಬಂದರು. "ನೋಡ್ದೆ ಅಂದ್ಯಾ? ಕಣ್ಣು ಬಿಟ್ಟು?"

"ಒಂದೇ ಕಣ್ಣು."

"ಎಡಗಣ್ಣೋ ಬಲಗಣ್ಣೋ?"

"ಬಲಗಣ್ಣು. ಅಧ್ಯಕ್ಷರೇ, ನೀವೇ ಒಂದ್ಸಲ ನೋಡಿಬಿಡಿ."

"ನಾನು ನೋಡಿದ್ರೆ ನಂಗೂ ನೋಟೀಸು ಕೊಡ್ಬೇಕಾಗುತ್ತೆ ಕಣಮ್ಮ. ಕೊಡೋನು ನಾನೇ. ಕೊಡೋನು ತಗೊಳ್ಳೋಕಾಗಲ್ಲ."

ಸೆವೆರಿನಾ ತಾನೇ ಗುಂಡನ್ನು ಕಿತ್ತೆಸೆಯಲು ಕೈ ಚಾಚಿದಳು. ಎಲ್ಲರೂ ಹಾ ಎಂದು ಉಸಿರೆಳೆದರು. ಆ ಊರಿನಲ್ಲಿ ಇನ್ನೊಬ್ಬರ ಬಂದೂಕು ಮುಟ್ಟುವುದೂ ಒಂದೇ, ಇನ್ನೊಬ್ಬರ ಹಲ್ಲುಜ್ಜುವ ಬ್ರಷ್ ಬಾಯಿಗಿಟ್ಟುಕೊಳ್ಳುವುದೂ ಒಂದೇ. ಕರ್ನಲ್ ಬಂದೂಕನ್ನು ಎಳೆಗೂಸಿನಂತೆ ಎದೆಗವಚಿಕೊಂಡರು.

"ಜಗಳ ಬೇಡ," ಎಂದರು ಅಧ್ಯಕ್ಷರು. "ನಿಯಮ ಮುರಿದು ಕಂಡ ಗುಂಡು ನಿಯಮದ ಪ್ರಕಾರ ಗುಂಡಲ್ಲ. ಆದ್ರೂ ನಾವು ಪ್ರಜಾಪ್ರಭುತ್ವದವರು. ಗೂಡು ಖಾಲಿ ಅನ್ನೋರು ಕೈ ಎತ್ತಿ. ಬೇಗ ಎತ್ರಪ್ಪಾ, ಸಾಸೇಜು ಸಿಪ್ಪೆ ಒಡೀತಿದೆ."

ಕೈಗಳೂ ಒಂದೆರಡು ಮುಳ್ಳುಚಮಚಗಳೂ ಮೇಲೆದ್ದವು. ವಿರುದ್ಧ ಎದ್ದದ್ದು ಸೆವೆರಿನಾಳ ಕೈ ಒಂದೇ. ಬೇಕರಿಯವರು ಶೌಚಾಲಯದಲ್ಲಿದ್ದುದರಿಂದ ತಟಸ್ಥರೆಂದು ಪರಿಗಣಿಸಲಾಯಿತು. ಹೀಗೆ ಭಾರೀ ಬಹುಮತದಿಂದ ಗೂಡು ಖಾಲಿಯಾಯಿತು.

ಅಭಿನಂದನೆ ಸ್ವೀಕರಿಸುತ್ತ, ಕೈ ಕುಲುಕುತ್ತ ಕರ್ನಲ್ ನಿಧಾನವಾಗಿ ಚೌಕಟ್ಟಿನತ್ತ ಹೊರಟರು. ಸೆವೆರಿನಾ ಮೆಟ್ಟಿಲು ಹತ್ತಿ ಓಡಿದಳು.

ಮೇಲೆ ಹಾಡು ಅರ್ಧಕ್ಕೆ ಬಂದಿತ್ತು. ಅವಳು ಅತ್ತೆಯ ತೋಳು ಹಿಡಿದಳು. "ಅತ್ತೆ, ಈ ಕಡೆ ಬನ್ನಿ."

"ತಾಲೀಮು ನಡೀತಿದೆ, ಕಾಣಲ್ವೇನೆ?"

"ಕೆಳಗೆ ಗುಂಡಿದೆ ಅತ್ತೆ."

"ಗುರಿಗಾರರ ಸಂಘದಲ್ಲಿ ಗುಂಡಲ್ದೆ ಕುಂಬಳಕಾಯಿ ಇರುತ್ತಾ? ಬಿಡು ಕೈನ. ಗುರುಗಳು ನೋಡ್ತಿದಾರೆ."

ಗಾಯನದ ಗುರು ಓಡಿಲೋ ಬೆಟ್‌ಶಾರ್ಟ್ ನೋಡುತ್ತಲೇ ಇದ್ದರು, ಹುಬ್ಬುಗಂಟಿಕ್ಕಿ. ಕೆಳಗೆ ಬೋಲ್ಟು ಮುಚ್ಚಿದ ಸದ್ದು ಬಂತು. ಸೆವೆರಿನಾ ಅತ್ತೆಯ ಕಿವಿಯಲ್ಲಿ ಹೇಳಿದಳು: "ಅತ್ತೆ, ನಿಮ್ಮ ಬೂಟಲ್ಲಿ ಇಲಿ."

ಚರ್ಚಿನ ಗೋಪುರ ಸರಿಯಿತು. ಅತ್ತೆ ಒಂದೇ ನೆಗೆತಕ್ಕೆ ಬೆಂಚಿನ ಮೇಲೆ ಕುಳಿತು ಬೂಟು ಕಳಚಿ ಬೆಳಕಿಗೆ ಹಿಡಿದರು. ಅಷ್ಟರಲ್ಲಿ ಢಂ.

ಅತ್ತೆ ನಿಂತಿದ್ದ ಹಲಗೆಯಲ್ಲಿ ಒಂದು ದುಂಡನೆಯ ತೂತು ಬಿತ್ತು. ಸೂರಿನಲ್ಲೂ ಒಂದು ಬಿದ್ದು, ಅದರಿಂದ ಒಂದು ಚಿಟಿಕೆ ಆಕಾಶ ಕಂಡಿತು. ಓಡಿಲೋ ಕೋಲಿನಿಂದ ಮೇಜು ಕುಟ್ಟಿ, "ಕೆಳದನಿಯವ್ರೇ, ತಾಳಕ್ಕೆ ಮುಂಚೆ ಬಂದ್ರಿ," ಎಂದರು.

"ಇಲ್ಲಿ ಇಲಿ ಎಲ್ಲಿದೆಯೇ?" ಎಂದರು ಅತ್ತೆ, ಬೂಟಿನೊಳಗಿಂದ ತಲೆಯೆತ್ತದೆ.

ಕೆಳಗೆ ಕರ್ನಲ್ ಇಂಡರ್‌ಬಿಟ್ಸಿನ್ ಸಾಸಿವೆ ಕೇಳುತ್ತಿದ್ದರು. "ಸ್ಪ್ರಿಂಗು ಇವತ್ತು ಸ್ವಲ್ಪ ಜೋರಾಗಿತ್ತು," ಎಂದರಂತೆ, ಯಾರೂ ಕೇಳದಿದ್ದರೂ.

ವಿಚಾರಣೆ ಊರವರೆಲ್ಲ ಸೇರಿದ ಸಭೆಯಲ್ಲಿ ವಿಧಿವತ್ತಾಗಿ ನಡೆಯಿತು. ಗೂಡು ಬಹುಮತದಿಂದ ಖಾಲಿಯಾಗಿತ್ತು. ಖಾಲಿ ಗೂಡಿನಿಂದ ಗುಂಡು ಹೊರಡದು. ಆದ್ದರಿಂದ ತೂತಿಗೆ ಬೇರೆ ಕಾರಣ ಇರಲೇಬೇಕು. ಮರದ ವಿಷಯ ಬಲ್ಲವರೆಂದು ಅಧ್ಯಕ್ಷ ಟ್ರುಟ್‌ಮನ್ನರೇ ಮಾಳಿಗೆ ಹತ್ತಿ ಹಲಗೆ ಪರೀಕ್ಷಿಸಿದರು.

"ಮರಹುಳು," ಎಂದರು. "ಒಂದೇ ಹುಳು. ಒಳ್ಳೇ ಶಿಸ್ತಿನದು, ಅತ್ತಿತ್ತ ತಿರುಗದೆ ಹೋಗಿದೆ."

"ಮತ್ತೆ ಸೂರಿನ ತೂತು?" ಎಂದಳು ಸೆವೆರಿನಾ.

"ಒಳಗೆ ಬಂದ ಹುಳ ಹೊರಗೆ ಹೋಗ್ಬೇಡ್ವಾ?"

"ಮತ್ತೆ ಆ ಸದ್ದು?"

ಸದ್ದಿನ ಬಗ್ಗೆ ಓಡಿಲೋ ಗುರುಗಳ ಹೇಳಿಕೆ ಆಗಲೇ ಬಂದಿತ್ತು: ಕೆಳದನಿಯವರು ತಾಳಕ್ಕೆ ಮುಂಚೆ ಬಂದದ್ದು.

ಮರಹುಳುವಿನ ಪರವಾಗಿ ಕೈ ಎತ್ತಿ ಎಂದಾಗ ಸೆವೆರಿನಾ ಸಾಲಿನುದ್ದಕ್ಕೂ ನೋಡಿದಳು. ಆಗಾಥೆ ಅತ್ತೆಯ ಕೈಯೂ ಮೇಲಿತ್ತು.

"ಅತ್ತೆ, ನೀವೂನಾ?"

"ತಾಳ ತಪ್ಪಿದ್ದು ನಿಜ ಕಣೇ. ಇಷ್ಟು ವರ್ಷದಲ್ಲಿ ನಾವು ಅಷ್ಟು ಜೋರಾಗಿ ಯಾವತ್ತೂ ಬಂದಿರ್ಲಿಲ್ಲ. ಮತ್ತೆ ಆ ತೂತಿನಿಂದ ಕೆಳಗಿನ ಒಲೆ ಬಿಸಿ ಬರುತ್ತೆ ನೋಡು, ನನ್ನ ಮಂಡಿನೋವಿಗೆ ದೇವರು ಕೊಟ್ಟ ಹಾಗಾಗಿದೆ. ಅದನ್ನ ಮುಚ್ಚಬೇಡಿ ಅಂತ ನಾನೇ ಹೇಳಿದೀನಿ." ಆಮೇಲೆ ದನಿ ತಗ್ಗಿಸಿ, "ಇನ್ನೊಂದ್ಸಲ ಬೂಟಲ್ಲಿ ಇಲಿ ಅಂತ ಸುಳ್ಳು ಹೇಳಿದ್ರೆ ನೋಡು. ಗುರುಗಳ ಮುಂದೆ ಮಾನ ಹೋಯ್ತು ನಂದು," ಎಂದರು.

ಚಳಿಗಾಲದಲ್ಲಿ ನಿಯಮಕ್ಕೆ ತಿದ್ದುಪಡಿಯಾಯಿತು. ತಪಾಸಕರ ಕಣ್ಣುಗಳು ತಮ್ಮಷ್ಟಕ್ಕೆ ಮುಚ್ಚಿರುತ್ತವೆಂದು ನಂಬುವಂತಿಲ್ಲವೆಂದು ಸಾಬೀತಾದ್ದರಿಂದ, ತಪಾಸಣೆಯ ವೇಳೆ ಕಪ್ಪು ಬಟ್ಟೆಯ ಕಣ್ಪಟ್ಟಿ ಕಟ್ಟತಕ್ಕದ್ದು. ಕಣ್ಪಟ್ಟಿಯನ್ನು ತಪಾಸಕರು ಸ್ವಂತ ಖರ್ಚಿನಲ್ಲಿ ಅಧಿಕೃತ ಅಂಗಡಿಯಿಂದಲೇ ಕೊಳ್ಳತಕ್ಕದ್ದು. ಅಧಿಕೃತ ಅಂಗಡಿ ಅಧ್ಯಕ್ಷರ ನಾದಿನಿಯದು. ಅತ್ತೆ ಆ ಕಣ್ಪಟ್ಟಿಯ ಅಂಚಿಗೆ ಬಿಳಿ ದಾರದಲ್ಲಿ ಪುಟ್ಟ ಹೂಗಳನ್ನು ಕಸೂತಿ ಹಾಕಿಕೊಟ್ಟರು. ಊರಿಡೀ ಮೆಚ್ಚಿತು. ಸೆವೆರಿನಾಳ ಮೇಲಿನ ವಿಶ್ವಾಸಕ್ಕೆ ಗುರುತಾಗಿ, ತಪಾಸಣೆ ನಡೆಯುವಾಗ ಉಳಿದ ಸದಸ್ಯರೂ ಕಣ್ಣು ಮುಚ್ಚಿಕೊಳ್ಳುವ ಸಂಪ್ರದಾಯ ಶುರುವಾಯಿತು.

ಹಿಮ ಕರಗಿತು. ಹೊಸ ಹಂಗಾಮಿನ ಮೊದಲ ಶನಿವಾರ ಸೆವೆರಿನಾ ಕಣ್ಪಟ್ಟಿ ಕಟ್ಟಿಕೊಂಡು ತನ್ನ ಜಾಗದಲ್ಲಿ ನಿಂತಳು. ಒಲೆಯ ಮೇಲೆ ಸಾಸೇಜು ಚುರ್ ಎನ್ನುತ್ತಿತ್ತು. ಕರ್ನಲರ ಸರದಿ ಮುಗಿಯಿತು. ಅವಳ ಕಿವಿ ಲೆಕ್ಕ ಹಾಕಿತು; ಮತ್ತೊಮ್ಮೆ ಹಾಕಿತು. ಒಂದು ಢಂ ಕಡಿಮೆ.

"ಖಾಲಿ," ಎಂದರು ಕರ್ನಲ್, ಈಗೀಗ ತುಂಬ ಪ್ರೀತಿಯಿಂದ.

ಮೇಲೆ ಬೂಟುಗಳ ಸದ್ದು. ಕೊನೆಗೆ ಆ ಹಲಗೆ ಕಿರ್ ಎಂದಿತು. ಅತ್ತೆ ತೂತಿನ ಬಿಸಿಗೆ ಪಾದವಿಟ್ಟು, ಹಾಯೆನ್ನುತ್ತ, ಗಂಟಲು ಸರಿಮಾಡಿಕೊಂಡರು. ಕರ್ನಲ್ ಚೌಕಟ್ಟಿನತ್ತ ನಡೆದರು. ಬಂದೂಕಿನ ಹಿಡಿ ಮರಕ್ಕೆ ತಾಗಿತು. ಬೋಲ್ಟು ಮುಚ್ಚಿತು.

"ಯಾರಾದ್ರೂ," ಎಂದಳು ಸೆವೆರಿನಾ, ಕಣ್ಪಟ್ಟಿಯೊಳಗಿನ ಕತ್ತಲಿಗೆ, ಸುತ್ತ ಕಣ್ಣು ಮುಚ್ಚಿ ನಿಂತ ಇಡೀ ಸಂಘಕ್ಕೆ, "ದಯವಿಟ್ಟು ಯಾರಾದ್ರೂ ಒಂದೇ ಒಂದ್ಸಲ ಅದರೊಳಗೆ ನೋಡ್ತೀರಾ?"