ಕೋಟೆಯೊಳಗೆ ಮೆತ್ತಗಾದ ಶಪಥ

ಇಳಕಲ್ಲಿನ ಅಂದಾನಪ್ಪನಿಗೆ ಇದ್ದದ್ದು ಒಂದೇ ಕೊರಗು. ಮದುವೆಯಾಗಿ ಇಪ್ಪತ್ತಾರು ವರ್ಷವಾದರೂ, ಎಲ್ಲಿಗೆ ಹೊರಟರೂ ಹೆಂಡತಿ ಮಹೇಶ್ವರಿ ಬಟ್ಟೆಗಿಂತ ಮೊದಲು ರೊಟ್ಟಿ ಗಂಟು ಕಟ್ಟುತ್ತಿದ್ದಳು. ಈ ಸಲ ಮೂರು ದಿನದ ಮಟ್ಟಿಗೆ ಗುಜರಾತಿನ ಮಗ್ಗುಲಿನ ದಮನ್‌ಗೆ ಹೊರಟಿದ್ದರು. ಸಮುದ್ರದ ದಂಡೆಗೆ ಪೋರ್ತುಗೀಸರ ಕಾಲದ ಕೋಟೆ, ಕೋಟೆಯೊಳಗೇ ಊರು. ಅಂಥ ಐತಿಹಾಸಿಕ ಸ್ಥಳಕ್ಕೆ ಜೋಳದ ರೊಟ್ಟಿ ಹೊತ್ತೊಯ್ಯುವುದು ಇತಿಹಾಸಕ್ಕೇ ಅಪಚಾರವೆಂದು ಅಂದಾನಪ್ಪ ಸಾರಿದ. (ಗ್ರಾನೈಟ್ ಪಾಲಿಶ್ ಮಾಡಿಸುವ ಮನುಷ್ಯ, ಮಾತಿಗೂ ಅದೇ ಹೊಳಪು.)

“ಮೂರು ದಿನ ನಾ ರೊಟ್ಟಿ ಮುಟ್ಟಂಗಿಲ್ಲ. ಮುಟ್ಟಿದ್ರ, ಮನಿಗಿ ಬಂದು ಒಂದು ವಾರ ನಾನ ರೊಟ್ಟಿ ಬಡೀತೇನಿ,” ಎಂದ.

“ಮಾತು ನೆನಪಿರ್ಲಿರಿ,” ಎಂದು ಮಹೇಶ್ವರಿ ತನ್ನ ಗಂಟು ಕಟ್ಟಿಕೊಂಡಳು.

ಮೊದಲ ದಿನ ಶಪಥ ಕಲ್ಲಿನಂತೆ ಗಟ್ಟಿಯಾಗಿತ್ತು. ಅಂದಾನಪ್ಪ ಕೋಟೆಯ ಕಲ್ಲುಗಳನ್ನು ಬೆರಳಿನಿಂದ ತಟ್ಟಿ ತಟ್ಟಿ ನೋಡಿ, ನಮ್ಮ ಕಡೆಯ ಕಲ್ಲಿನ ಮುಂದೆ ಇವು ಏನೂ ಅಲ್ಲವೆಂದು ತೀರ್ಪಿತ್ತ. ಮಹೇಶ್ವರಿ ತನ್ನ ಸೀರೆಯ ಸೆರಗು ಹರವಿ, ಅದರ ಮೇಲಿನ ಕೋಟೆಯ ನಮೂನೆಯನ್ನು ಎದುರಿನ ಗೋಡೆಗೆ ಹೋಲಿಸಿ, ಇಳಕಲ್ಲಿನ ನೇಕಾರರು ಇಲ್ಲಿಗೂ ಬಂದು ಹೋಗಿದ್ದರೇನೋ ಎಂದಳು. ಇಬ್ಬರೂ ನಕ್ಕರು.

ಎರಡನೆಯ ದಿನದ ಮಧ್ಯಾಹ್ನ ಸಂಕಟ ಶುರುವಾಯಿತು. ಮೀನು ಮುಟ್ಟದ ಮನೆತನವಾದ್ದರಿಂದ ಮೂರು ಹೊತ್ತೂ ಗುಜರಾತಿ ಖಾನಾವಳಿಯೇ ಗತಿ. ಅಲ್ಲಿ ಬೇಳೆಗೆ ಬೆಲ್ಲ, ಪಲ್ಯಕ್ಕೆ ಸಕ್ಕರೆ. ಮಹೇಶ್ವರಿ ಸ್ನಾನಕ್ಕೆ ಹೋದ ಹೊತ್ತು ನೋಡಿ ಅವನು ಚೀಲಕ್ಕೆ ಕೈ ಹಾಕಿದ. ಬಿಳಿ ಅರಿವೆಯಲ್ಲಿ ಕಟ್ಟಿದ ಖಡಕ್ ರೊಟ್ಟಿ, ಪಕ್ಕದಲ್ಲೇ ಶೇಂಗಾ ಚಟ್ನಿ. ಕೋಟೆ ಗೋಡೆಯ ಉದ್ದ ಅಳೆದು ಬರುತ್ತೇನೆಂದು ಬಾಗಿಲಾಚೆಯಿಂದಲೇ ಕೂಗಿ ಹೇಳಿ, ಎರಡು ರೊಟ್ಟಿ ಅಂಗಿಯೊಳಗೆ ಸೇರಿಸಿ ಬುರುಜು ಹತ್ತಿದ.

ಮುರಿಯುವ ಮುನ್ನ ಆಚೀಚೆ ನೋಡಿದ. ಇಳಕಲ್ಲಿನಲ್ಲಿ ಖಡಕ್ ರೊಟ್ಟಿ ಮುರಿದರೆ ಮೂರನೆಯ ಮನೆಗೆ ಕೇಳುತ್ತದೆ. ಇಲ್ಲಿ ಸಪ್ಪಳವೇ ಆಗಲಿಲ್ಲ. ಸಮುದ್ರದ ಗಾಳಿಗೆ ರೊಟ್ಟಿ ಹಸಿ ಬಟ್ಟೆಯಂತೆ ಮೆತ್ತಗಾಗಿತ್ತು. ಕಳ್ಳನಿಗೆ ಇದಕ್ಕಿಂತ ಅನುಕೂಲ ಬೇಕೇ? ಸಂಜೆ ಮತ್ತೆ ಗೋಡೆ ಅಳೆದ, ಮರುದಿನ ಬೆಳಿಗ್ಗೆಯೂ ಅಳೆದ. ಗೋಡೆ ಅಷ್ಟು ಉದ್ದವಿದೆಯೇ ಎಂದು ಮಹೇಶ್ವರಿ ಕೇಳಿದ್ದಕ್ಕೆ, ಇತಿಹಾಸಕ್ಕೆ ತಾಳ್ಮೆ ಬೇಕೆಂದ.

ಮೂರನೆಯ ದಿನ ಮಧ್ಯಾಹ್ನ ಕೊನೆಯ ರೊಟ್ಟಿಯೊಡನೆ ಬುರುಜಿನ ಮೂಲೆ ತಿರುಗುವಾಗ, ಆಚೆಯಿಂದ ‘ಕಟಂ’ ಎಂದಿತು. ತುಸು ತಡೆದು ಮತ್ತೆ ‘ಕಟಂ’. ಇಣುಕಿದರೆ ಮಹೇಶ್ವರಿ ಸಮುದ್ರದ ಕಡೆ ಕಾಲು ಚಾಚಿ, ತೊಡೆಯ ಮೇಲೆ ತಗಡಿನ ಡಬ್ಬಿ ಇಟ್ಟುಕೊಂಡು, ಇಳಕಲ್ಲಿನಲ್ಲಿದ್ದಷ್ಟೇ ಖಡಕ್ಕಾದ ರೊಟ್ಟಿ ಮುರಿಯುತ್ತಿದ್ದಾಳೆ. ಅಂದಾನಪ್ಪನಿಗೆ ಮೈಯೆಲ್ಲ ಉರಿಯಿತು.

“ಅಲ್ಲಾ, ನಿನ್ನವು ಇಷ್ಟು ಖಡಕ್ ಹೆಂಗ ಉಳದಾವ? ನನ್ನವೆಲ್ಲಾ ಮೆತ್ತಗಾಗ್ಯಾವಲ್ಲ?”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಏನಂದೆನೆಂದು ಅವನಿಗೆ ಹೊಳೆಯುವಷ್ಟರಲ್ಲಿ ಮಹೇಶ್ವರಿ ತಿರುಗಿ ನೋಡಿ ಆಗಿತ್ತು.

“ಡಬ್ಬಿಯೊಳಗಿನವು ನನ್ನವು. ಅರಿವ್ಯಾಗ ಕಟ್ಟಿದ್ದು ನಿಮ್ಮ ಸಲುವಾಗೇ ಇಟ್ಟಿದ್ದೆ,” ಎಂದು ಪಕ್ಕಕ್ಕೆ ಸರಿದು ಜಾಗ ಮಾಡಿದಳು. “ಹೆಂಗೂ ಸೋತೀರಿ. ಕುಂತು ಹೊಟ್ಟಿ ತುಂಬ ಉಣ್ರಿ.”

ಅವನು ಕುಳಿತು ಉಂಡ. ಇಡೀ ಪ್ರವಾಸದಲ್ಲಿ ಅಷ್ಟು ಸುಖದ ಹೊತ್ತು ಇನ್ನೊಂದಿರಲಿಲ್ಲವೆಂದು ಬಾಯಿಬಿಟ್ಟು ಹೇಳಿಯೂ ಬಿಟ್ಟ. ಅದಕ್ಕೆ ಶಿಕ್ಷೆಯಲ್ಲಿ ಒಂದು ದಿನವೂ ಕಡಿಮೆಯಾಗಲಿಲ್ಲ.

ಮನೆಗೆ ಬಂದ ಮರುದಿನ ಅಂದಾನಪ್ಪ ಮೊದಲ ರೊಟ್ಟಿ ಬಡಿದ. ಒಂದು ಕಡೆ ಉಬ್ಬಿತ್ತು, ಇನ್ನೊಂದು ಕಡೆ ಮುರಿದಿತ್ತು, ನಟ್ಟನಡುವೆ ತೂತು. ಅಷ್ಟರಲ್ಲಿ ಪಕ್ಕದ ಮನೆಯ ಅಬೇದಾ ಬಂದು ದಮನ್ ಕೋಟೆ ಹೇಗಿತ್ತೆಂದು ವಿಚಾರಿಸಿದಳು. ಮಹೇಶ್ವರಿ ಆ ರೊಟ್ಟಿಯನ್ನೇ ಎತ್ತಿ ಹಿಡಿದಳು.

“ಹಿಂಗ ಇತ್ತವ್ವಾ. ಇದು ಬುರುಜು, ಇದು ಬಾಗಲಾ. ಉಳದ ಊರು ನಮ್ಮವರು ನಾಳೆ ಬಡೀತಾರ.”