ಸೆಮಿನಾರಿಗೆ ಕುಂಕುಮ

ಧಾರೆ ಎರೆಯುವ ಮೊದಲೇ ಕಲ್ಯಾಣದುರ್ಗದ ಕೊಂಡಮ್ಮ ಅಳಿಯನಿಂದ ಒಂದು ಮಾತು ತೆಗೆದುಕೊಂಡಿದ್ದಳು. "ಮಗ್ಗದ ಗುಂಡೀಲಿ ಕಾಲು ಇಳಿಬಿಟ್ಟು ಕೂತೂ ಕೂತೂ ನನ್ ಮಂಡಿ ಹೋಯ್ತು ಕಣಪ್ಪ. ನನ್ ಮಗಳನ್ನ ಮಾತ್ರ ಗುಂಡಿಗೆ ಇಳಿಸಬ್ಯಾಡ."

ಹಿಂದೂಪುರದ ಓಬಳೇಶಪ್ಪ ಹೊಸ ಪಂಚೆಯ ಹುರುಪಿನಲ್ಲಿ, "ಸೂರ್ಯ ಚಂದ್ರ ಇರೋಗಂಟ ಇಳಿಸಲ್ಲ ಅತ್ತೆ" ಎಂದುಬಿಟ್ಟ.

ಆಮೇಲೆ ಎಷ್ಟೋ ವರ್ಷ ತಾನೊಬ್ಬನೇ ಗುಂಡಿಯಲ್ಲಿ ಕೂತು ನೇಯ್ದ. ಕೊನೆಗೆ ಬೇಸತ್ತು, ಅರ್ಧ ನೇಯ್ದ ಸೀರೆಯನ್ನು ಮಗ್ಗದ ಮೇಲೇ ಬಿಟ್ಟು ವಿಮೆ ಏಜೆಂಟನಾದ. ಚರ್ಮದ ಬ್ಯಾಗು ಬಂತು, ಪಾಲಿಸಿ ಬರಲಿಲ್ಲ. ಆ ಬ್ಯಾಗು ಬೀದಿಯ ತಿರುವಿನಲ್ಲಿ ಕಂಡರೆ ಸಾಕು, ಸೂಜಿ ಕಂಡ ಮಕ್ಕಳ ಹಾಗೆ ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು.

"ಈ ತಿಂಗಳೂ ಬರಿಗೈ ಅಂದ್ರೆ ಆ ಸೀರೆ ನಾನೇ ಮುಗಿಸ್ತೀನಿ" ಎಂದಳು ಹೆಂಡತಿ ಗಂಗಾದೇವಿ. ಓಬಳೇಶಪ್ಪನಿಗೆ ಅತ್ತೆಗೆ ಕೊಟ್ಟ ಮಾತು ನೆನಪಾಯಿತು.

ಮೇಲಿನ ಆಫೀಸರ್ ಕೇಶವಯ್ಯ ದಾರಿ ತೋರಿಸಿದ. "ಒಬ್ಬೊಬ್ಬರ ಹಿಂದೆ ಓಡಬೇಡಯ್ಯ. ಸೆಮಿನಾರ್ ಮಾಡು. ಎಲ್ಲಾರನ್ನೂ ಒಂದ್ಕಡೆ ಕೂರ್ಸಿ, ಕಾಫಿ ಕೊಟ್ಟು ಭಾಷಣ ಮಾಡು. ಕಾಫಿ ಕುಡ್ದ ನಾಚಿಕೆಗಾದ್ರೂ ಸೈನ್ ಹಾಕ್ತಾರೆ."

ಆ ಬ್ಯಾಗನ್ನು ಇನ್ನೂ ಕಾಣದ ಊರೆಂದರೆ ಅತ್ತೆಯ ಊರು. ಜನರನ್ನು ಕರೆಯಲು ಗಂಗಾದೇವಿಯನ್ನು ಮುಂಚೆಯೇ ಕಳಿಸಿ, ಸೆಮಿನಾರಿನ ದಿನ ಓಬಳೇಶಪ್ಪ ಮೊದಲ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಭಾಷಣ ಬಾಯಿಪಾಠ ಮಾಡಿದ. "ನೀವು ಇವತ್ತೇ ಸತ್ತರೆ..." ಎಂದು ಅವನು ಗುನುಗಿದ್ದು ಕೇಳಿ, ಪಕ್ಕದಲ್ಲಿದ್ದವನು ಪೆನುಕೊಂಡ ಬರುವ ಮೊದಲೇ ಎದ್ದು ಹಿಂದಿನ ಸೀಟಿಗೆ ಹೋದ.

ಸೆಮಿನಾರಿಗೆ ಗೊತ್ತುಮಾಡಿದ್ದ ಛತ್ರದೊಳಗೆ ಕಾಲಿಟ್ಟವನು ಹೌಹಾರಿದ. ತಲೆ ತುಂಬ ಹೂವು, ಕೆನ್ನೆಗೆ ಅರಿಶಿನ. ಎಲ್ಲಿ ನೋಡಿದರೂ ಹೆಂಗಸರೇ! ಗಂಡಸೆಂದರೆ ಮೂಲೆಯಲ್ಲಿ ಕಾಫಿ ಹೀರುತ್ತಿದ್ದ ಕೇಶವಯ್ಯ ಒಬ್ಬನೇ.

"ಗಂಡಸ್ರೆಲ್ಲಿ?"

"ಮನೆಮನೆಗೂ ಕುಂಕುಮ ಇಟ್ಟು ಕರ್ದೆ. ಬರಿಗೈಲಿ ಹೋಗಿ ಕರಿಯಕ್ಕಾಯ್ತದಾ?" ಎಂದಳು ಗಂಗಾದೇವಿ.

ಕುಂಕುಮ ಇಟ್ಟು ಕರೆದರೆ ಅದು ಪೇರಂಟ, ಮುತ್ತೈದೆಯರ ಸಮಾರಂಭ. ಅಲ್ಲಿಗೆ ಗಂಡಸರು ಯಾಕೆ ಬಂದಾರು? "ಸೆಮಿನಾರು ಅಂದ್ರೆ ಯಾವ ದೇವರ ವ್ರತ ಕಣಮ್ಮ?" ಎಂದು ಒಬ್ಬಳು ಕೇಳುತ್ತಿದ್ದಳು. "ಹಿಂದೂಪುರದ ಕಡೆ ಮಾಡ್ತಾರಂತೆ" ಎಂದಳು ಪಕ್ಕದವಳು.

ಓಬಳೇಶಪ್ಪ ಮೈಕು ಹಿಡಿದ. ಬಾಯಿಪಾಠ ಮಾಡಿದ್ದು ಗಂಡಸರಿಗೆ. ಕೂತವರಿಗೆ ತಕ್ಕಂತೆ ನಿಂತಲ್ಲೇ ತಿದ್ದಿಕೊಂಡು ಗಟ್ಟಿಯಾಗಿ ಶುರುಮಾಡಿದ: "ತಾಯಂದಿರೇ, ನಿಮ್ಮ ಗಂಡಂದಿರು ಇವತ್ತೇ ಸತ್ತರೆ..."

ಯಾರದೋ ಕೈಯಿಂದ ತಾಂಬೂಲದ ತಟ್ಟೆ ಬಿತ್ತು. ಮುಂದೆ ಕೂತಿದ್ದ ಪೆದ್ದಕ್ಕ ಸೆರಗು ಸಿಕ್ಕಿಸಿ ಎದ್ದಳು. "ಏಮಿ ಮಾಟಲಪ್ಪಾ ಇವಿ, ಎಂಥಾ ಮಾತು ಇವು! ಮುತ್ತೈದೇರ್ನ ಕುಂಕುಮ ಇಟ್ಟು ಕರ್ದು, ಗಂಡ ಸತ್ರೆ ಅಂತೀಯ?"

"ಸತ್ರೆ ನಿಮಗೇ ಲಾಭ ಕಣಕ್ಕ!"

ಬಾಳೆಹಣ್ಣೊಂದು ಹಾರಿಬಂದು ಅವನ ಟೈಗೆ ಅಂಟಿತು. ಕೊಂಡಮ್ಮ ಮುಖಕ್ಕೆ ಸೆರಗು ಎಳೆದುಕೊಂಡು, "ನಮ್ ಅಳಿಯ ಅಲ್ಲ ಕಣ್ರಮ್ಮ, ಯಾರೋ ಬಸ್ಸಲ್ಲಿ ಬಂದವ್ನೆ" ಎನ್ನತೊಡಗಿದಳು.

ಗಂಗಾದೇವಿ ಮೈಕು ಕಿತ್ತುಕೊಂಡಳು. "ಕೂತ್ಕಳ್ರಮ್ಮ! ಇವ್ರಿಗೆ ಎಲ್ಲಾ ಹಿಂದುಮುಂದಾಗಿ ಹೇಳೋ ಚಾಳಿ. ಪಾಲಿಸಿ ಗಡುವು ಮುಗಿಯೋಗಂಟ ಗಂಡ ಗುಂಡುಕಲ್ಲಿನಂಗೆ ಬದುಕಿದ್ರೆ, ಮಗಳ ಮದ್ವೆ ಹೊತ್ಗೆ ದುಡ್ಡು ಗಂಟಾಗಿ ಬತ್ತೈತೆ. ಆ ಆಸೆಗಾದ್ರೂ ಬೀಡಿ ಬಿಟ್ಟು ನೆಟ್ಟಗಿರ್ತಾರೆ."

ಪೆದ್ದಕ್ಕ ಮೆಲ್ಲಗೆ ಕೂತಳು. "ಅಂಗಾದ್ರೆ ಇದೂ ಮುತ್ತೈದೆ ವ್ರತಾನೇ ಅನ್ನು! ತಡಿ, ನಮ್ಮೋನ್ನ ಎಳ್ಕಂಡ್ ಬತ್ತೀನಿ."

ಮಧ್ಯಾಹ್ನದೊಳಗೆ ಗಂಡಂದಿರೆಲ್ಲ ಲಸಿಕೆಗೆ ಹೊಡೆದುತಂದ ಕುರಿಗಳ ಹಾಗೆ ಸಾಲಾಗಿ ನಿಂತು ಸೈನ್ ಹಾಕಿದರು. ಅರ್ಜಿ ತುಂಬಲು ಓಬಳೇಶಪ್ಪ ಪೆನ್ನು ತೆಗೆದರೆ ಪೆದ್ದಕ್ಕ ಗದರಿದಳು: "ನಿನ್ ಕೈಲಿ ಬ್ಯಾಡ. ಗಂಗಾನೇ ಬರೀಲಿ."

ಆದರೂ ಅವನ ಮುಖ ಅರಳಿತ್ತು. ಹೆಂಡತಿ ಇನ್ನು ಗುಂಡಿಗೆ ಇಳಿಯಬೇಕಾಗಿಲ್ಲ.

ಕೇಶವಯ್ಯ ಹತ್ತಿರ ಬಂದು, "ಅಂತೂ ಈ ಕೆಲಸಕ್ಕೆ ತಕ್ಕ ಏಜೆಂಟ್ ಸಿಕ್ಕಿದ್ರು" ಎಂದ.

"ಎಲ್ಲಾ ನಿಮ್ಮ ದಯೆ ಸಾರ್" ಎಂದು ಓಬಳೇಶಪ್ಪ ಬಗ್ಗಿದ.

"ನೀನಲ್ಲಯ್ಯ. ಏಜೆನ್ಸೀನ ನಿನ್ನ ಮನೆಯವರ ಹೆಸರಿಗೆ ಮಾಡಿಸ್ತೀನಿ. ನೀನು ಬಾಯಿ ತೆಗೀದಿದ್ರೆ ಸಾಕು."

ಗಂಗಾದೇವಿ ಗಂಡನ ಹೆಗಲಿಂದ ಬ್ಯಾಗು ಇಳಿಸಿಕೊಂಡಳು. "ಆ ಸೀರೆ ಅರ್ಧಕ್ಕೇ ನಿಂತೈತೆ, ಜ್ಞಾಪಕ ಐತಾ?"

ಮುಂದಿನ ತಿಂಗಳು ಅವಳು ಬ್ಯಾಗು ಹಾಕಿಕೊಂಡು ಚಿಲಮತ್ತೂರಿನ ಬಸ್ಸು ಹತ್ತಿದಳು. ಕಂಕುಳಲ್ಲಿ ಕುಂಕುಮದ ಭರಣಿಯೂ ಇತ್ತು. ಓಬಳೇಶಪ್ಪ ಪಂಚೆ ಎತ್ತಿ ಕಟ್ಟಿ, ಗುಂಡಿಗೆ ಇಳಿದು ಲಾಳಿ ಹಿಡಿದ.

ಕೊಂಡಮ್ಮನ ಮಗಳು ಮಗ್ಗದ ಗುಂಡಿಗೆ ಇಳಿಯಲಿಲ್ಲ. ಓಬಳೇಶಪ್ಪ ಕೊಟ್ಟ ಮಾತು ಉಳಿಸಿಕೊಂಡ.