ಉಗುರಿನಷ್ಟು ಕೊಕ್ಕೆ

ಮನುಷ್ಯ ಜೋಡಿಸಿದ್ದನ್ನು ಮನುಷ್ಯ ಬಿಚ್ಚಬಲ್ಲ. ಬಿಚ್ಚಿದ್ದನ್ನು ನಾನು ಮತ್ತೆ ಜೋಡಿಸಬಲ್ಲೆ! ಈ ಘೋಷಣೆಯನ್ನು ಮದುವೆಯಾದ ಹೊಸದರಲ್ಲಿ ಮಿಕ್ಸಿಯ ಮುಂದೆ ನಿಂತು ಮಾಡಿದ್ದೆ. ಆ ಮಿಕ್ಸಿ ಈಗಲೂ ಇದೆ, ಎರಡು ಚೀಲಗಳಲ್ಲಿ.

ಅಂದಿನಿಂದ ಹೆಂಡತಿ ತನ್ನ ಏರ್‌ಸಾಫ್ಟ್ ಬಂದೂಕನ್ನು ಬೀರುವಿನ ನೆತ್ತಿಯ ಮೇಲೆ ಇಡುತ್ತಾಳೆ. ಗಾಬರಿ ಬೇಡ, ಅದು ಆಟದ ಬಂದೂಕು. ಮೆಣಸಿನ ಕಾಳಿನಷ್ಟು ಪ್ಲಾಸ್ಟಿಕ್ ಗುಂಡು ಹಾರಿಸುತ್ತದೆ. ಮುಖವಾಡ ಹಾಕಿಕೊಂಡು, ಎರಡು ತಂಡವಾಗಿ ಆಡುತ್ತಾರೆ. ಅವಳು ಗೋದಾಮೊಂದರಲ್ಲಿ ಸರಕಿನ ಮೇಲ್ವಿಚಾರಕಿ. ಗೋದಾಮಿನ ತಂಡದಲ್ಲಿ ಗುರಿ ತಪ್ಪದವಳೆಂದರೆ ಅವಳೊಬ್ಬಳೇ. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಫೈನಲ್ ಇತ್ತು. ಹೋದ ವರ್ಷ ಒಂದೇ ಒಂದು ಏಟಿನಲ್ಲಿ ಸೋತು ಬಂದವಳು ಮೂರು ದಿನ ಮಾತಾಡಿರಲಿಲ್ಲ. ನಾಲ್ಕನೆಯ ದಿನ ನಾಲ್ಕೂ ದಿನದ ಮಾತು ಒಟ್ಟಿಗೆ ಬಂತು.

ನನ್ನ ವಿಷಯಕ್ಕೆ ಬಂದರೆ, ನಾನು ಪಾರ್ಸೆಲ್ ಕಚೇರಿಯಲ್ಲಿ ದಿನವಿಡೀ ಮುಚ್ಚಿದ ಡಬ್ಬಗಳಿಗೆ ಚೀಟಿ ಅಂಟಿಸುವವನು. ಒಳಗೇನಿದೆ ಎಂದು ನೋಡುವ ಹಕ್ಕಿಲ್ಲ. ವಾರವಿಡೀ ಅದುಮಿಟ್ಟ ಕುತೂಹಲ ಶನಿವಾರ ಬಂದರೆ ಉಕ್ಕುತ್ತದೆ. ಶನಿವಾರ ನನಗೆ ರಜೆ, ಅವಳಿಗೆ ಕೆಲಸ.

ಬಂದೂಕಿನ ಹಿಡಿಯನ್ನು ಹಿಂದಕ್ಕೆ ಎಳೆದರೆ ಒಳಗೆ ಏನೋ 'ಟಕ್' ಎನ್ನುತ್ತದೆ. ಯಾರದು ಒಳಗೆ ಟಕ್ ಎನ್ನುವವರು? ಸ್ಟೂಲು ಹತ್ತಿ ಇಳಿಸಿದೆ. ಒಮ್ಮೆ ಎಳೆದು ಟಕ್ ಕೇಳಿಸಿಕೊಂಡೆ. ಹಾಗೇ ಒಂದೊಂದಾಗಿ ಹನ್ನೊಂದು ಸ್ಕ್ರೂ ಬಿಚ್ಚಿದೆ. ಹನ್ನೆರಡನೆಯದು ನನ್ನ ಸಹಾಯಕ್ಕೆ ಕಾಯಲಿಲ್ಲ. ಬಿಗಿದು ನಿಂತಿದ್ದ ಸ್ಪ್ರಿಂಗು ಸಿಡಿದು ಸೋಫಾದಡಿ ಸೇರಿತು. ಉಗುರಿನಷ್ಟು ಲೋಹದ ಕೊಕ್ಕೆಯೊಂದು ಎರಡು ತುಂಡಾಗಿ ನನ್ನ ತೊಡೆಯ ಮೇಲೆ ಬಿತ್ತು. ರಹಸ್ಯ ಬಯಲಾಯಿತು! ಟ್ರಿಗರ್ ಒತ್ತುವ ತನಕ ಸ್ಪ್ರಿಂಗನ್ನು ಹಿಡಿದಿಡುವುದು ಈ ಕೊಕ್ಕೆ. ನನ್ನ ಸಂಸಾರವನ್ನು ಹಿಡಿದಿಟ್ಟಿದ್ದದ್ದೂ ಇದೇ ಎಂದು ಆಗ ಹೊಳೆಯಿತು.

ಎರಡೂ ತುಂಡನ್ನು ಜೋಡಿಸಿಟ್ಟು ಚೀಟಿಯ ಮೇಲೆ ಅದರ ಆಕಾರ ಬರೆದುಕೊಂಡು, ರಸ್ತೆ ತಿರುವಿನಲ್ಲಿ ಗೇಟು ಮಾಡುವ ವೆಲ್ಡಿಂಗಿನವರ ಬಳಿ ಓಡಿದೆ. ಅವರು ಕನ್ನಡಕವನ್ನು ಹಣೆಗೇರಿಸಿ ನೋಡಿದರು.

"ಇದು ಕಬ್ಬಿಣ ಅಲ್ಲ ಸಾರ್, ಸತುವಿನ ಎರಕ. ಬೆಂಕಿ ತಾಗಿದ್ರೆ ನಿಲ್ಲಲ್ಲ."

"ನೀವು ಹಚ್ಚಿ. ಏನಾದ್ರೂ ಆದ್ರೆ ನಾನಿರ್ತೀನಿ."

"ನೀವಿರ್ತೀರಿ ಸಾರ್. ಅದಿರಲ್ಲ."

ನನ್ನ ಒತ್ತಾಯಕ್ಕೆ ಹಚ್ಚಿದರು. ಕೊಕ್ಕೆ ಒಂದು ಕ್ಷಣ ಥಳಥಳಿಸಿತು, ಮುತ್ತಿನಂತೆ ದುಂಡಗಾಯಿತು, ಬೆಂಚಿನಿಂದ ಉರುಳಿ ಕಬ್ಬಿಣದ ಪುಡಿಯಲ್ಲಿ ಐಕ್ಯವಾಯಿತು. ಉಳಿದದ್ದು ಚೀಟಿಯ ಮೇಲಿನ ಚಿತ್ರ ಮಾತ್ರ. ನನ್ನ ಮುಖ ನೋಡಿ ಕನಿಕರ ಹುಟ್ಟಿರಬೇಕು. ಅಷ್ಟೇ ದಪ್ಪದ ಉಕ್ಕಿನ ಚೂರು ಸಿಕ್ಕರೆ ಉಜ್ಜಿ ಮಾಡಿಕೊಳ್ಳಬಹುದು ಎಂದು ಹೇಳಿ ಒಂದು ಅರವನ್ನೂ ಕೈಗೆ ಕೊಟ್ಟರು.

ಮನೆಯಲ್ಲಿ ಉಕ್ಕಿಗೆ ಶೋಧ ನಡೆಯಿತು. ಚಮಚ ತೆಳು. ಬಾಗಿಲಿನ ಕೀಲು ದಪ್ಪ, ಮೇಲಾಗಿ ಬಾಗಿಲಿಗೂ ಅದು ಬೇಕು. ಅಡುಗೆಮನೆಯ ಕದದ ಹಿಂದೆ ಮೊಳೆಗೆ ತೂಗುಹಾಕಿದ್ದ, ಕೆಂಪು ದಾರ ಕಟ್ಟಿದ ಚಪ್ಪಟೆ ಬೀಗದ ಕೈ ಕಂಡಿತು. ಹೇಳಿ ಮಾಡಿಸಿದ ದಪ್ಪ! ನಾನೇನು ಬೇಜವಾಬ್ದಾರಿಯವನಲ್ಲ, ಮನೆಯ ಮೂರೂ ಬಾಗಿಲಿಗೆ ಹಾಕಿ ನೋಡಿದೆ. ಎಲ್ಲೂ ಸೇರಲಿಲ್ಲ. ಅನಾಥ ಎಂದು ತೀರ್ಮಾನಿಸಿ ದತ್ತು ತೆಗೆದುಕೊಂಡೆ.

ನಾಲ್ಕು ತಾಸು ಉಜ್ಜಿದೆ. ಅರ ಜಾರಿ ಬೆರಳು ಕುಯ್ದಾಗ ಬಟ್ಟೆ ಸುತ್ತಿ, ಕೈಗೆ ಸಿಕ್ಕ ಕೆಂಪು ದಾರದಿಂದ ಬಿಗಿದೆ. ಸಂಜೆಯ ಹೊತ್ತಿಗೆ ಕೊಕ್ಕೆ ಕುಳಿತಿತು, ಸ್ಪ್ರಿಂಗು ಕುಳಿತಿತು, ಬಂದೂಕು ಬಾಯಿಬಿಟ್ಟು ಹೇಳಿತು: ಟಕ್! ಅಷ್ಟು ಇಂಪಾದ ಸಂಗೀತವನ್ನು ನಾನು ಕೇಳಿದ್ದಿಲ್ಲ. ಬೆರಳಿಗೇನಾಯಿತೆಂದು ಹೆಂಡತಿ ಕೇಳಿದಾಗ ತರಕಾರಿ ಹೆಚ್ಚುತ್ತಿದ್ದೆ ಎಂದೆ. ಅದಕ್ಕೆ ಸಾಕ್ಷಿ ಒದಗಿಸಲು ಅಡುಗೆಯನ್ನೂ ನಾನೇ ಮಾಡಬೇಕಾಯಿತು.

ಭಾನುವಾರ ಬೆಳಿಗ್ಗೆ ಏಳಕ್ಕೆ ಕದದ ಹಿಂದಿನಿಂದ ದನಿ ಬಂತು.

"ರೀ, ಟ್ರಂಕಿನ ಬೀಗದ ಕೈ ನೋಡಿದ್ರಾ?"

"ಯಾವ ಟ್ರಂಕು?"

"ಮಂಚದಡಿ ಇರೋದು. ನನ್ನ ಮುಖವಾಡ ಅದರಲ್ಲಿದೆ. ಅದಿಲ್ದೆ ಮೈದಾನದೊಳಗೇ ಬಿಡಲ್ಲ. ಗುರುತಿಗೆ ಅಂತ ಕೆಂಪು ದಾರ..."

ಗುರಿ ತಪ್ಪದ ಆ ಕಣ್ಣು ನನ್ನ ಬೆರಳಿನ ಮೇಲೆ ನಿಂತಿತು. ಕೈಯನ್ನು ಬೆನ್ನ ಹಿಂದೆ ಬಚ್ಚಿಡುವಷ್ಟರಲ್ಲಿ ಕಾಲ ಮಿಂಚಿತ್ತು.

"ದಾರ ಸಿಕ್ತು. ಬೀಗದ ಕೈ ಎಲ್ಲಿ?"

ನಾನು ಮೆಲ್ಲಗೆ ಬೀರುವಿನ ನೆತ್ತಿಯತ್ತ ನೋಡಿದೆ. "ಬಂದೂಕಿನ ಹೊಟ್ಟೆಯಲ್ಲಿ."

ಬೀಗ ಕತ್ತರಿಸಲು ಮನೆಯಿಂದ ಎಬ್ಬಿಸಿ ತಂದದ್ದು ಅದೇ ವೆಲ್ಡಿಂಗಿನವರನ್ನು. ಎಂಟು ಗಂಟೆಗೆ ಬಂದವರು ಹೊಸಿಲಲ್ಲೇ ಅಕ್ಕರೆಯಿಂದ ವಿಚಾರಿಸಿದರು: "ಕೊಕ್ಕೆ ಕೂತ್ಕೊಳ್ತಾ ಸಾರ್?" ನಾನು ಹೇಳದೆ ಉಳಿಸಿಕೊಂಡಿದ್ದ ಕಥೆಯೆಲ್ಲ ಅವರ ಬಾಯಿಂದ ಬಂತು. ಮುತ್ತು ಉರುಳಿದ್ದನ್ನೂ ಬಿಡಲಿಲ್ಲ.

ಟ್ರಂಕು ತೆರೆಯಿತು. ಮುಖವಾಡ, ಕೈಗವಸು, ಅದರಡಿ ಒಂದು ಪುಟ್ಟ ಪೊಟ್ಟಣ. ಪೊಟ್ಟಣದಲ್ಲಿ ಉಗುರಿನಷ್ಟು ಎರಡು ಹೊಸ ಕೊಕ್ಕೆ.

"ಇದೊಂದು ಬೇಗ ಮುರಿಯತ್ತೆ ಅಂತ ಅಂಗಡಿಯವ್ರು ಹೇಳಿದ್ರು," ಎಂದಳು ಹೆಂಡತಿ, ತೀರಾ ಮೆತ್ತಗೆ. "ಒಂದು ಮಾತು ಕೇಳಿದ್ರೆ ಕೊಡ್ತಿದ್ದೆ."

ವೆಲ್ಡಿಂಗಿನವರು ಒಂದನ್ನು ಬೆಳಕಿಗೆ ಹಿಡಿದು, "ನಾನು ಹೇಳ್ಲಿಲ್ವಾ ಸಾರ್? ಸತುವು," ಎಂದರು.

ಬದಲಿಸಲು ಹೊತ್ತಿರಲಿಲ್ಲ. ನನ್ನ ಕೊಕ್ಕೆಯ ಬಂದೂಕನ್ನೇ ಹೆಗಲಿಗೇರಿಸಿ ಹೊರಟಳು. ನಾನು ಮಧ್ಯಾಹ್ನದ ತನಕ ಬಾಗಿಲಲ್ಲೇ ಕುಳಿತೆ. ಬಂದವಳ ಮುಖದಿಂದ ಏನೂ ತಿಳಿಯಲಿಲ್ಲ.

"ಗೆದ್ವಿ. ನಿಮ್ಮ ಕೊಕ್ಕೆ ಎರಡು ಸಲ ತಾನಾಗೇ ಗುಂಡು ಹಾರಿಸ್ತು. ಒಂದು ಎದುರು ತಂಡದವ್ರಿಗೆ ಬಿತ್ತು, ಅದ್ರಿಂದಲೇ ಗೆದ್ದದ್ದು. ಇನ್ನೊಂದು ನಮ್ಮ ಮ್ಯಾನೇಜರ್ ಬೆನ್ನಿಗೆ."

ಈಗ ನಮ್ಮ ಮನೆಯಲ್ಲಿ ಬಂದೂಕು ಸೋಫಾದ ಮೇಲೆ ರಾಜಾರೋಷವಾಗಿ ಮಲಗಿರುತ್ತದೆ. ಟ್ರಂಕಿಗೆ ಹೊಸ ಬೀಗ ಬಂದಿದೆ, ಅಂಕಿ ತಿರುಗಿಸಿ ತೆರೆಯುವಂಥದು. ಬೀಗದ ಕೈಯ ಹಂಗೇ ಇಲ್ಲ, ಅಂಕಿ ಅವಳೊಬ್ಬಳಿಗೇ ಗೊತ್ತು. ಆ ಅಂಕಿಗಳು ತಿರುಗುವಾಗ ಒಳಗೆ ಏನೋ ಸಣ್ಣಗೆ 'ಟಕ್' ಎನ್ನುತ್ತದೆ. ಏನಿರಬಹುದು? ಬಿಚ್ಚಿ ನೋಡುವ ಆಸೆಯೇನೋ ಬೆಟ್ಟದಷ್ಟಿದೆ.

ಆದರೆ ಸ್ಕ್ರೂಡ್ರೈವರನ್ನು ಅವಳು ಆ ಟ್ರಂಕಿನೊಳಗೆ ಇಟ್ಟಿದ್ದಾಳೆ.